ಹಾಕಿದ್ದು ತೆಗೆಯಲು ಬರಬೇಕು

ನಮ್ಮ ಅಂಗಡಿಯ ಮೇಲೆ ಈಗ ದೊಡ್ಡ ಬೋರ್ಡು ಬಂದಿದೆ. ಅಪ್ಪನ ಹೆಸರು, ಅದರ ಪಕ್ಕದಲ್ಲಿ ‘ಆ್ಯಂಡ್ ಸನ್’, ಕೆಳಗೆ ಬೆಂಕಿ ಕಾರುವ ಒಂದು ಸೈಲೆನ್ಸರಿನ ಚಿತ್ರ. ಸೈಲೆನ್ಸರ್ ಬೆಂಕಿ ಕಾರಿದರೆ ಗಾಡಿ ಕೆಟ್ಟಿದೆ ಎಂದು ಅರ್ಥ. ಆದರೆ ಬೋರ್ಡು ಬರೆಸಿದವನು ನನ್ನ ತಮ್ಮ, ಅವನಿಗೆ ಅದೆಲ್ಲ ಯಾಕೆ ಬೇಕು. ‘ಆ್ಯಂಡ್ ಡಾಟರ್’ ಎಂದು ಬರೆದ ಬೋರ್ಡನ್ನು ನಾನು ಹುಬ್ಬಳ್ಳಿಯಲ್ಲಿ ಎಲ್ಲಿಯೂ ಕಂಡಿಲ್ಲ. ಧಾರವಾಡದಲ್ಲಿ ಇದ್ದೀತು, ಅಲ್ಲಿಯವರು ಹೆಚ್ಚು ಓದಿದವರು ಎಂದು ಹೋದಾಗಲೆಲ್ಲ ನೋಡುತ್ತೇನೆ. ಅಲ್ಲಿಯೂ ಇಲ್ಲ.

ಬೋರ್ಡು ಇಲ್ಲದ ಕಾಲದಲ್ಲಿ ಆ ಅಂಗಡಿಯ ಕೆಲಸ ಮಾಡಿದವಳು ನಾನು. ಅಂಗಡಿ ನಿನ್ನ ಕೈಗೆ ಕೊಡುತ್ತೇನೆ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದ. ಒಂದು ಹಳೆಯ ಅಂಬಾಸಡರ್ ಕಾರಿನ ಕೆಲಸ ಪಾರು ಮಾಡಿಕೊಡು, ಆಮೇಲೆ ನೀನೇ ಮಿಸ್ತ್ರಿ ಎಂದಿದ್ದ. ಪಾರು ಮಾಡಿಕೊಟ್ಟೆ. ನಂತರ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಎದ್ದು ಹೋಗುತ್ತೇನೆ. ಆದ್ದರಿಂದ ಯಾರೂ ಕೇಳುವ ಮೊದಲೇ ಬರೆದುಬಿಡುತ್ತೇನೆ.

ಅಪ್ಪನದು ಸೈಲೆನ್ಸರ್ ಕೆಲಸ. ಲಾರಿ, ಟೆಂಪೊ, ಟ್ರ್ಯಾಕ್ಟರು, ಯಾವುದರ ಹೊಗೆ ಪೈಪು ತೂತು ಬಿದ್ದರೂ ನಮ್ಮ ತಗಡಿನ ಶೆಡ್ಡಿಗೆ ಬರುತ್ತಿತ್ತು. ಜೀವಮಾನವಿಡೀ ಬೆಂಕಿ ನೋಡಿದ ಅವನ ಕಣ್ಣು ನಾನು ಕಾಲೇಜು ಮುಗಿಸುವ ಹೊತ್ತಿಗೆ ಮಬ್ಬಾಗತೊಡಗಿತು. ದಪ್ಪ ಕೆಲಸ ಮಾಡುತ್ತಿದ್ದ, ಸೂಕ್ಷ್ಮದ್ದು ಆಗುತ್ತಿರಲಿಲ್ಲ. ತಮ್ಮನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಲು ನೋಡಿದ. ತಮ್ಮನಿಗೆ ಗ್ರೈಂಡರಿನ ಸಪ್ಪಳಕ್ಕೆ ತಲೆನೋವು, ಕಿಡಿ ಸಿಡಿದು ಅಂಗಿ ತೂತು ಬೀಳುವ ಚಿಂತೆ. ಅವನಿಗೆ ಬರುತ್ತಿದ್ದದ್ದು ಮಾತು. ಗಿರಾಕಿ ಬಂದರೆ ಚಹಾ ತರಿಸಿ, ಕುರ್ಚಿ ಒರೆಸಿ, ಊರ ಸುದ್ದಿಯೆಲ್ಲ ಹೇಳಿ, ಅವರು ಬಂದ ಕೆಲಸವನ್ನೇ ಮರೆಯುವಂತೆ ಮಾಡುತ್ತಿದ್ದ. ನಾನು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದವಳು. ಅವನು ಉಂಡು ಕೈತೊಳೆಯುವಷ್ಟರಲ್ಲಿ ಒಂದು ತುಂಡು ಬೆಸೆದು ನೋಡುತ್ತಿದ್ದೆ. ಹೀಗೆ ಬೆಸೆಯುತ್ತ ಬೆಸೆಯುತ್ತ ಬುತ್ತಿ ಒಯ್ಯುವ ಕೆಲಸ ತಮ್ಮನಿಗೆ ಹೋಯಿತು, ಬೆಂಕಿಯ ಕೆಲಸ ನನಗೆ ಬಂತು.

ಹೆಣ್ಣು ನೋಡಲು ಬಂದವರು ಬೇರೆ ಮನೆಗಳಲ್ಲಿ ಮುಖ ನೋಡುತ್ತಾರೆ. ನಮ್ಮ ಮನೆಯಲ್ಲಿ ಅವಲಕ್ಕಿ ತಟ್ಟೆ ಹಿಡಿದ ನನ್ನ ಕೈ ನೋಡುತ್ತಿದ್ದರು. ಮುಂಗೈ ತುಂಬ ಕಿಡಿ ಸಿಡಿದ ಕಲೆ. ‘ಅಡಗಿ ಮಾಡೂ ಮುಂದ ಎಣ್ಣಿ ಸಿಡದೈತ್ರಿ’ ಎಂದು ಅವ್ವ ಹೇಳುತ್ತಿದ್ದಳು. ಅಷ್ಟು ಎಣ್ಣೆ ಸಿಡಿಸಿಕೊಳ್ಳುವವಳಿಗೆ ಅಡುಗೆ ಎಲ್ಲಿ ಬರಬೇಕು ಎಂದು ಅವರು ಎದ್ದು ಹೋಗುತ್ತಿದ್ದರು. ಬಂಧುಗಳು ಅಪ್ಪನಿಗೆ ಬುದ್ಧಿ ಹೇಳುತ್ತಿದ್ದರು: ಮಗಳಿಗೆ ಕಲಿಸಿ ಏನು ಲಾಭ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ನನ್ನನ್ನಂತೂ ಯಾರಿಗೂ ಕೊಡಲಿಲ್ಲ. ಕೊಡದೆಯೇ ಹೊರಗಾದ ಹೆಣ್ಣು ನಮ್ಮ ಕುಲದಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ ಎಲ್ಲ ಸಾಮಾನುಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೊಸ ಗೋಣಿಚೀಲದ ಮೇಲೆ ಸಾಲಾಗಿ ಇಡುತ್ತೇವೆ. ಆ ಮೇಲೆ ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಮರುದಿನ ದಸರೆಯ ಬೆಳಿಗ್ಗೆ ಕಾಯಿ ಒಡೆದ ಮೇಲೆ, ಅಂಗಡಿಯ ಮಿಸ್ತ್ರಿ ಬೆಸುಗೆಯ ರಾಡ್ ಸಿಕ್ಕಿಸುವ ವೆಲ್ಡಿಂಗ್ ಹೋಲ್ಡರ್ ಎತ್ತಿಕೊಂಡು ಒಂದು ಹಳೆಯ ಕಬ್ಬಿಣದ ತುಂಡಿಗೆ ಮೊದಲ ಕಿಡಿ ಹೊಡೆಯುತ್ತಾನೆ. ಅವನು ತಾನು ಹೊಡೆಯದೆ ಯಾರ ಕೈಯಿಂದ ಹೊಡೆಸುತ್ತಾನೋ ಅವರೇ ಮುಂದಿನ ಮಿಸ್ತ್ರಿ. ಅಪ್ಪನ ಗುರು ಒಂದು ದಸರೆಗೆ ತಾನು ಹೊಡೆಯದೆ ಹೋಲ್ಡರನ್ನು ಅಪ್ಪನ ಕೈಯಲ್ಲಿ ಇಟ್ಟನಂತೆ. ಅವತ್ತಿನಿಂದ ಓಣಿಯವರೆಲ್ಲ ಅಪ್ಪನನ್ನು ಮಿಸ್ತ್ರೇರ ಎಂದು ಕರೆಯತೊಡಗಿದರು. ಕಾಗದಪತ್ರ, ಸಹಿ, ಸಾಕ್ಷಿ ಎಂಥದೂ ಇಲ್ಲ. ಹೋಲ್ಡರ್ ಯಾರ ಕೈಗೆ ಬಂತೋ ಅಂಗಡಿ ಅವರದು.

ಅಂಬಾಸಡರ್ ತಂದದ್ದು ತಮ್ಮನೇ. ತಂದದ್ದು ಎಂದರೆ ಕೆಲಸ ಹಿಡಿದು ತಂದದ್ದು. ಗಾಡಿಯ ಮಾಲೀಕರು ಹತ್ತಿ ವ್ಯಾಪಾರದ ದೊಡ್ಡ ಸಾಹುಕಾರರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸದಾ ಫೋನು. ಅವರ ತಂದೆಯ ಕಾಲದ ಕಾರು ಅದು, ಬಿಳಿಯ ಬಣ್ಣ, ದುಂಡು ಮೋರೆ. ಹಳೆಯ ಎಂಜಿನ್ ಜಾಮಾಗಿ ವರ್ಷಗಟ್ಟಲೆ ಗೋದಾಮಿನಲ್ಲಿ ಹತ್ತಿ ಚೀಲಗಳ ಹಿಂದೆ ನಿಂತಿತ್ತು. ಸಾಹುಕಾರರಿಗೆ ಇದ್ದಕ್ಕಿದ್ದಂತೆ ಅದನ್ನು ದಸರೆಗೆ ರಸ್ತೆಗೆ ಇಳಿಸುವ ಹುಕಿ ಬಂತು. ಅಪಘಾತದಲ್ಲಿ ಜಜ್ಜಿಹೋದ ಹೊಸ ಕಾರೊಂದರ ಎಂಜಿನ್ ಕೊಂಡು, ಮೆಕ್ಯಾನಿಕ್ ಒಬ್ಬನಿಂದ ಒಳಗೆ ಕೂಡಿಸಿದರು. ಎಂಜಿನ್ ಕೂತಿತು. ಹೊಗೆ ಹೋಗಲು ದಾರಿ ಇರಲಿಲ್ಲ.

ಎಂಜಿನ್ನಿಗೆ ಹೊಗೆ ಬಿಡುವ ನಾಲ್ಕು ಬಾಯಿಗಳಿರುತ್ತವೆ. ನಾಲ್ಕರಿಂದಲೂ ಬರುವ ಬಿಸಿಹೊಗೆಯನ್ನು ಹಿಡಿದು ಒಂದೇ ಪೈಪಿಗೆ ಸೇರಿಸುವ ಭಾಗಕ್ಕೆ ಹೆಡರ್ ಎನ್ನುತ್ತಾರೆ. ಹೊಸ ಎಂಜಿನ್ನಿನ ಜೊತೆ ಬಂದ ಹೆಡರು ಬೀಡು ಕಬ್ಬಿಣದ್ದು, ಗಟ್ಟಿ ಗಂಟಿನಂತಿತ್ತು. ಅದನ್ನು ಕೂಡಿಸಲು ಹೋದರೆ ಸರಿಯಾಗಿ ಸ್ಟೇರಿಂಗಿನ ಸಲಾಕೆಗೆ ಬಡಿಯುತ್ತಿತ್ತು. ಊರಲ್ಲಿ ಕೇಳಿದವರೆಲ್ಲ ಗಾಡಿಯ ಮೈಯನ್ನೇ ಕೊಯ್ಯಬೇಕು ಎಂದರು. ತಂದೆಯ ಕಾರಿನ ಮೈ ಕೊಯ್ಯಲು ಸಾಹುಕಾರರು ಒಪ್ಪಲಿಲ್ಲ. ಆಗ ನನ್ನ ತಮ್ಮ ಎದೆ ತಟ್ಟಿಕೊಂಡು ಹೇಳಿದ, ‘ನಾ ಮಾಡಿ ಕೊಡ್ತೇನ್ರಿ ಸಾವಕಾರ್ರ. ಕೊಯ್ಯೂದು ಬ್ಯಾಡ, ಏನೂ ಬ್ಯಾಡ.’ ಮಾಡಿ ಕೊಡುತ್ತೇನೆ ಎಂದ ಆ ಬಾಯಿಗೆ ಹೆಡರಿನಲ್ಲಿ ಎಷ್ಟು ಬೋಲ್ಟ್ ಇರುತ್ತವೆ ಎಂದೂ ಗೊತ್ತಿರಲಿಲ್ಲ.

ಗಾಡಿ ಶೆಡ್ಡಿಗೆ ಬಂದ ಸಂಜೆ ಅಪ್ಪ ಬಾನೆಟ್ ಎತ್ತಿಸಿ, ಕೈಯಿಂದ ಒಳಗೆಲ್ಲ ಸವರಿ ನೋಡಿದ. ಕಣ್ಣಿಗಿಂತ ಅವನ ಕೈಗೆ ಹೆಚ್ಚು ಕಾಣುತ್ತಿತ್ತು.

‘ಏನವ್ವಾ, ಆಗತೈತೇನು?’ ಎಂದು ನನ್ನನ್ನು ಕೇಳಿದ.

‘ಜಾಗಾ ಭಾಳ ಇಕ್ಕಟ್ಟೈತಿ. ಆದ್ರ ಆಗತೈತಿ.’

‘ಇದೊಂದು ಪಾರ ಮಾಡು. ಈ ದಸರಿಗೆ ಹೋಲ್ಡರ್ ನಿನ್ನ ಕೈಯಾಗ ಕೊಡ್ತೇನಿ. ಎಲ್ಲಾರ ಮುಂದ ಕೊಡ್ತೇನಿ.’

ನಾನು ಕೇಳಿರಲಿಲ್ಲ. ಅವನಾಗಿಯೇ ಹೇಳಿದ್ದು. ಈ ಮಾತನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುವುದು ಅದಕ್ಕೇ. ಕೇಳಿ ಪಡೆದ ಮಾತು ತಪ್ಪಿದರೆ ಇಷ್ಟು ಉರಿಯುತ್ತಿರಲಿಲ್ಲ.

ಮೊದಲು ಗಟ್ಟಿ ತಂತಿ ತೆಗೆದುಕೊಂಡು ಒಂದೊಂದು ಬಾಯಿಯಿಂದಲೂ ದಾರಿ ಹುಡುಕಿದೆ. ಎರಡು ಪೈಪು ಸ್ಟೇರಿಂಗ್ ಸಲಾಕೆಯ ಮುಂದಿನಿಂದ ಇಳಿಯಬೇಕು, ಎರಡು ಹಿಂದಿನಿಂದ ಹಾಯಬೇಕು, ನಾಲ್ಕೂ ಕೆಳಗೆ ಒಂದೆಡೆ ಕೂಡಬೇಕು. ನಾಲ್ಕರ ಉದ್ದವೂ ಹೆಚ್ಚುಕಡಿಮೆ ಒಂದೇ ಇರಬೇಕು, ಇಲ್ಲದಿದ್ದರೆ ಗಾಡಿ ಕುಂಟುವವರ ನಡಿಗೆಯ ಸಪ್ಪಳ ಮಾಡುತ್ತದೆ. ತಂತಿ ಬಗ್ಗಿಸುವುದು, ಬಿಚ್ಚುವುದು, ಅಳೆಯುವುದು, ಮತ್ತೆ ಬಗ್ಗಿಸುವುದು. ಬಗ್ಗಿದ ಸ್ಟೀಲ್ ಪೈಪುಗಳನ್ನು ತಂದು ಬಳೆ ಬಳೆಯಾಗಿ ಕೊಯ್ದೆ. ಒಂದೊಂದು ಬಳೆಯನ್ನೂ ತಂತಿಯ ದಾರಿಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ ಚುಕ್ಕಿ ಬೆಸುಗೆ ಹಾಕುತ್ತ ಹೋದೆ. ಅಪ್ಪ ಕುರ್ಚಿಯಲ್ಲಿ ಕೂತು ‘ನಮ್ಮವ್ವ ಎಂಜಿನ್ನಿಗೆ ಬಳಿ ತೊಡಸಾಕತ್ತಾಳ’ ಎಂದು ನಗುತ್ತಿದ್ದ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಇದನ್ನು ಬರೆಯಲು ಸಿಟ್ಟು ಬರುತ್ತದೆ, ಆದರೆ ಖರೆ.

ತಮ್ಮ ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ವಿಡಿಯೋ ತೆಗೆದ. ಆರ್ಗಾನ್ ಗ್ಯಾಸಿನ ಬೆಸುಗೆಯ ನೀಲಿ ಬೆಳಕು, ಅದರ ಹಿಂದೆ ಬಂಗಾರ ಬಣ್ಣಕ್ಕೆ ತಿರುಗುವ ಸ್ಟೀಲು, ಕೈಗವಸು ಹಾಕಿದ ಎರಡು ಕೈ. ಯಾವುದೋ ಹಾಡು ಹಚ್ಚಿ ಫೋನಿನಲ್ಲಿ ಬಿಟ್ಟ. ‘ಅಣ್ಣಾ ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು’ ಎಂದು ಯಾರೋ ಬರೆದಿದ್ದರು. ಅದನ್ನು ನನಗೇ ತಂದು ಓದಿ ತೋರಿಸಿದ. ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರೆ. ಅವನಿಗೆ ನಾಚಿಕೆಯೂ ಆಗಲಿಲ್ಲ, ಕೆಟ್ಟ ಮನಸ್ಸೂ ಇರಲಿಲ್ಲ. ಅದನ್ನು ನೆನೆದರೆ ಇನ್ನಷ್ಟು ಸಿಟ್ಟು.

ಸಾಹುಕಾರರು ಆಗಾಗ ನೋಡಲು ಬರುತ್ತಿದ್ದರು. ಅವರು ಬರುವ ಸುದ್ದಿ ಬಂದರೆ ಅಪ್ಪ ‘ಒಂದ್ ಸ್ವಲ್ಪ ಚಹಾ ಇಡವ್ವಾ’ ಎನ್ನುತ್ತಿದ್ದ. ನಾನು ಎದ್ದು ಹಿಂದಿನ ಸ್ಟೋವಿನ ಹತ್ತಿರ ಹೋಗುತ್ತಿದ್ದೆ, ತಮ್ಮ ನನ್ನ ಬೆಸುಗೆಯ ಮುಖವಾಡ ಕೈಯಲ್ಲಿ ಹಿಡಿದು ಗಾಡಿಯ ಪಕ್ಕ ನಿಲ್ಲುತ್ತಿದ್ದ. ಕೆಲಸ ಮುಗಿಯುವ ತನಕ ಗಿರಾಕಿಗೆ ಗಾಬರಿ ಮಾಡಬಾರದು, ದಸರೆಗೆ ಹೇಗೂ ಎಲ್ಲರ ಮುಂದೆ ಹೇಳುತ್ತೇನಲ್ಲ ಎಂದು ಅಪ್ಪ ಸಮಾಧಾನ ಮಾಡಿದ್ದ. ನಾನು ನಂಬಿದೆ.

ಒಮ್ಮೆ ಅವರು ಹೇಳದೆ ಕೇಳದೆ ಬಂದುಬಿಟ್ಟರು. ತಮ್ಮನ ಹಳೆಯ ಪ್ಯಾಂಟು ಅಂಗಿ ತೊಟ್ಟು, ಮುಖವಾಡ ಇಳಿಸಿಕೊಂಡು ನಾನು ಬಾಗಿ ಬೆಸುಗೆ ಹಾಕುತ್ತಿದ್ದೆ. ತಮ್ಮ ತಿಂಡಿಗೆಂದು ಗಿರ್ಮಿಟ್ ತರಲು ಹೋಗಿದ್ದ. ಸಾಹುಕಾರರು ಹಿಂದಿನಿಂದ ಬಂದು ನನ್ನ ಬೆನ್ನಿನ ಮೇಲೆ ಗುದ್ದಿದಂತೆ ತಟ್ಟಿದರು.

‘ಶಾಭಾಸ್ ತಮ್ಮಾ! ಹೆಣ್ಣಮಕ್ಕಳು ಕಸೂತಿ ಹಾಕಿದಂಗ ಹಾಕೀದಿ ನೋಡು!’

ನಾನು ಮುಖವಾಡ ತೆಗೆಯಲು ಕೈ ಎತ್ತಿದೆ. ಎದುರಿಗೆ ಅಪ್ಪ ಕೂತಿದ್ದ. ಮಬ್ಬುಗಣ್ಣಿನವನು, ಆದರೂ ನನ್ನ ಕೈ ಎದ್ದದ್ದು ಅವನಿಗೆ ಕಂಡಿತು. ಬೇಡ ಎಂದು ತಲೆ ಅಲ್ಲಾಡಿಸಿದ. ನಾನು ಮುಖವಾಡದ ಒಳಗೇ ಉಳಿದೆ. ಸಾಹುಕಾರರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ತಮ್ಮ ತಂದೆ ಇದೇ ಕಾರಿನಲ್ಲಿ ಹತ್ತಿಯ ಅಡತಿ ಅಂಗಡಿಗೆ ಹೋಗುತ್ತಿದ್ದ ಕಥೆ ಹೇಳಿ, ಹೋದರು. ಮುಖವಾಡ ತೆಗೆದಾಗ ಒಳಗೆಲ್ಲ ಒದ್ದೆಯಾಗಿತ್ತು. ಬೆವರು ಎಂದುಕೊಂಡು ಒರೆಸಿಕೊಂಡೆ.

ಕೆಲಸದಲ್ಲಿ ಅಪ್ಪನಿಗೂ ನನಗೂ ಜಗಳ ಬಿದ್ದದ್ದು ಒಂದೇ ವಿಷಯಕ್ಕೆ. ನಾಲ್ಕೂ ಪೈಪನ್ನು ಒಂದೇ ಮೈಯಾಗಿ ಬೆಸೆದರೆ ಹೆಡರು ಸ್ಟೇರಿಂಗ್ ಸಲಾಕೆಯನ್ನು ತಬ್ಬಿಕೊಂಡು ಕೂಡುತ್ತಿತ್ತು. ಮುಂದೆ ಎಂಜಿನ್ನಿಗೂ ಹೆಡರಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟರೆ ಬಿಚ್ಚುವುದು ಸಾಧ್ಯವಿರಲಿಲ್ಲ, ಇಡೀ ಎಂಜಿನ್ ಮೇಲೆತ್ತಬೇಕು.

‘ಒಮ್ಮಿ ಕೂಡಿಸಿದ ಮ್ಯಾಲ ಅದನ್ನ ಯಾರು ತೆಗೀತಾರವ್ವಾ? ದಸರಿ ಹತ್ರ ಬಂತು. ಬೆಸದ ಬಿಡು’ ಎಂದ ಅಪ್ಪ.

‘ಹಾಕಿದ್ದು ತೆಗಿಯಾಕ ಬರಬೇಕು ಅಂತ ನೀನ ಕಲಿಸಿಲ್ಲೇನು?’

ಅದು ಅವನ ಗುರುವಿನ ಮಾತು, ಅವನ ಬಾಯಲ್ಲಿ ನಾನು ಸಾವಿರ ಸಲ ಕೇಳಿದ್ದು. ನಾನು ಹಿಂದಿನ ಎರಡು ಪೈಪನ್ನು ಬೇರೆ ಜೋಡಿಯಾಗಿ ಮಾಡಿದೆ. ಕೆಳಗೆ ಕೂಡುವ ಜಾಗದಲ್ಲಿ ಅವನ್ನು ಬೆಸೆಯದೆ, ಒಂದರೊಳಗೊಂದು ಬಿಗಿಯಾಗಿ ಜಾರಿ ಕೂಡುವಂತೆ ಮಾಡಿ, ಎರಡು ಗಟ್ಟಿ ಸ್ಪ್ರಿಂಗಿನಿಂದ ಎಳೆದು ಹಿಡಿಸಿದೆ. ಮೊದಲು ಸ್ಪ್ರಿಂಗ್ ಬಿಚ್ಚಬೇಕು. ಆಗ ಹಿಂದಿನ ಜೋಡಿ ಕೆಳಗಿನಿಂದ ಬರುತ್ತದೆ, ಆಮೇಲೆ ಮುಂದಿನದು ಮೇಲಿನಿಂದ ಬರುತ್ತದೆ. ಪಕ್ಕದ ವಯರುಗಳಿಗೆ ಬಿಸಿ ತಾಗದಿರಲಿ ಎಂದು ಆ ಜಾಗಕ್ಕೆ ಬಿಸಿ ತಡೆಯುವ ಬಟ್ಟೆಯ ಪಟ್ಟಿ ಸುತ್ತಿದೆ. ಅಪ್ಪನ ಕೈ ಹಿಡಿದು, ಪಟ್ಟಿ ಸುತ್ತುವ ಮೊದಲು, ಸ್ಪ್ರಿಂಗ್ ಎಲ್ಲಿದೆ, ಜೋಡಿ ಹೇಗೆ ಜಾರುತ್ತದೆ ಎಂದು ಮುಟ್ಟಿಸಿ ತೋರಿಸಿದೆ. ಎರಡು ಸಲ ತಾನೇ ಬಿಚ್ಚಿ, ಹಾಕಿ ನೋಡಿದ. ಬೆಸುಗೆಯ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದ.

‘ನಮ್ಮ ಗುರು ಇದ್ದಿದ್ರ ನಿನಗ ಕೈ ಮುಗಿತಿದ್ದ’ ಎಂದ.

ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅಲ್ಲಿ ನಾವಿಬ್ಬರೇ ಇದ್ದೆವು. ತಮ್ಮನನ್ನು ಕರೆದು ತೋರಿಸಲು ಹೋದೆ, ಅವನು ಫೋನ್ ಹಿಡಿದು ‘ಅಕ್ಕಾ, ಒಂದ್ ಸಲ ಬೆಂಕಿ ಬರೋ ಹಂಗ ಹೊಡಿ, ಛಲೋ ಬರತೈತಿ’ ಎಂದ. ಅವನು ಆ ಹೆಡರಿನ ವಿಡಿಯೋ ತೆಗೆದದ್ದು ಎಷ್ಟೋ ಸಲ. ಹೆಡರನ್ನು ನೋಡಿದ್ದು ಒಂದು ಸಲವೂ ಇಲ್ಲ.

ಗಾಡಿ ಚಾಲೂ ಮಾಡಿದ ದಿನ ಓಣಿಯವರೆಲ್ಲ ಶೆಡ್ಡಿನ ಮುಂದೆ ನೆರೆದಿದ್ದರು. ಒಂದು ಸಲ ಕೆಮ್ಮಿತು, ಆಮೇಲೆ ಹಿಡಿಯಿತು. ಎಲ್ಲಿಯೂ ಸೋರಿಕೆ ಇಲ್ಲ, ಬಡಿತವಿಲ್ಲ, ನಾಲ್ಕೂ ಬಾಯಿ ಒಂದೇ ದನಿಯಲ್ಲಿ ಮಾತಾಡಿದ ಹಾಗೆ ತುಂಬಿದ ಸಪ್ಪಳ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಸಾಹುಕಾರರು ಶಲ್ಯದಿಂದ ಕಣ್ಣೊರೆಸಿಕೊಂಡರು. ನಾನು ಹಿಂದೆ ಸ್ಟೋವಿನ ಹತ್ತಿರ ನಿಂತು ಚಹಾ ಸೋಸುತ್ತಿದ್ದೆ. ದಸರೆಗೆ ಇನ್ನು ಕೆಲವೇ ದಿನ, ಇರಲಿ ಎಂದುಕೊಂಡೆ.

ಖಂಡೇ ಪೂಜೆಗೆ ನಾನೇ ದುರ್ಗದಬೈಲಿನ ಪೇಟೆಗೆ ಹೋಗಿ ಚೆಂಡುಹೂವು, ಬಾಳೆಕಂಬ, ಬೂದುಗುಂಬಳಕಾಯಿ ತಂದೆ. ಅಲ್ಲಿಯ ನೂಕುನುಗ್ಗಲಿನಲ್ಲಿ ಒಂದು ಹೊಸ ಸೀರೆಯನ್ನೂ ಕೊಂಡೆ. ಹತ್ತಿಯದು, ದಪ್ಪ. ಕಿಡಿ ಬಿದ್ದರೂ ಹತ್ತಿ ಬೇಗ ಹೊತ್ತುವುದಿಲ್ಲ, ನಾಜೂಕಿನ ಬಟ್ಟೆ ಆಗುವುದಿಲ್ಲ ಎಂದು ಆರಿಸಿ ತಂದಿದ್ದೆ. ಸೀರೆಯುಟ್ಟುಕೊಂಡೇ ಮೊದಲ ಕಿಡಿ ಹೊಡೆಯಬೇಕೆಂಬ ಆಸೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಯಿತು ಎಂದು ಅವ್ವ ಆಮೇಲೆ ಅಂದಳು. ಆಗ ಅವಳೂ ಏನೂ ಅನ್ನಲಿಲ್ಲ, ನೆರಿಗೆ ಸರಿಮಾಡಿದಳು.

ದಸರೆಯ ಬೆಳಿಗ್ಗೆ ಶೆಡ್ಡಿನ ಮುಂದೆ ಅಂಬಾಸಡರ್ ಹೂಮಾಲೆ ಹಾಕಿಕೊಂಡು ನಿಂತಿತ್ತು. ಸಾಹುಕಾರರು ತಮ್ಮಂತೆ ಹಳೆಯ ಕಾರುಗಳ ಹುಚ್ಚಿರುವ ಗೆಳೆಯರನ್ನೂ ಕರೆತಂದಿದ್ದರು. ಪೂಜೆಯಾಯಿತು. ನಾನು ಆರತಿ ಬೆಳಗಿದೆ. ಅಪ್ಪ ಕಾಯಿ ಒಡೆದು, ಗೋಣಿಚೀಲದ ಮೇಲಿನಿಂದ ಹೋಲ್ಡರ್ ಎತ್ತಿಕೊಂಡ. ಓಣಿಯ ಹಿರಿಯರಿಗೆಲ್ಲ ಇದರ ಅರ್ಥ ಗೊತ್ತು, ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ ಸಾಹುಕಾರರು ತಮ್ಮ ಗೆಳೆಯರಿಗೆ ಹೇಳಿದರು:

‘ಇವನ ನೋಡ್ರಿ ಆ ಹುಡುಗ. ಇಡೀ ಊರು ಆಗೂದಿಲ್ಲ ಅಂದದ್ದನ್ನ ಮಾಡಿ ತೋರಿಸಿದ. ಮಿಸ್ತ್ರೇರ, ಇವರೂ ತಮ್ಮ ಗಾಡಿ ತರಾವರು ಅದಾರ. ನಿಮ್ಮ ಮಗ ಕೈ ಹಚ್ಚತಾನ ಅಂದ್ರ ಮಾತ್ರ.’

ಅಪ್ಪ ಹೋಲ್ಡರ್ ಹಿಡಿದು ಹಾಗೇ ನಿಂತ. ನಾನು ಆರತಿ ತಟ್ಟೆ ಕೆಳಗಿಟ್ಟೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಒಂದು ಹೆಜ್ಜೆ ಮುಂದೆ ಬಂದೆ. ಅಪ್ಪ ನನ್ನ ಕಡೆ ತಿರುಗಿದ. ಅವನಿಗೆ ನನ್ನ ಸೀರೆಯ ಬಣ್ಣವಾದರೂ ಕಂಡಿರಬೇಕು. ಆಮೇಲೆ ಅವನ ಕೈ ನನ್ನನ್ನು ದಾಟಿ ಹೋಯಿತು.

‘ತಗೊ ತಮ್ಮಾ. ಇನ್ನ ಮ್ಯಾಲ ನೀನ ಮಿಸ್ತ್ರಿ’ ಎಂದು ಹೋಲ್ಡರನ್ನು ಅವನ ಕೈಯಲ್ಲಿ ಇಟ್ಟ.

ತಮ್ಮ ನನ್ನ ಮುಖ ನೋಡಿದ, ಸಾಹುಕಾರರ ಮುಖ ನೋಡಿದ, ಬಾಗಿ ಕಬ್ಬಿಣದ ತುಂಡಿಗೆ ರಾಡ್ ತಾಗಿಸಿದ. ಕಿಡಿ ಬರಲಿಲ್ಲ. ಹೊಸಬರ ಕೈಯಲ್ಲಿ ಆಗುವಂತೆ ರಾಡ್ ಕಬ್ಬಿಣಕ್ಕೆ ಅಂಟಿಕೊಂಡಿತು. ಎಳೆದ, ಜಗ್ಗಿದ, ತುಂಡಿನ ಸಮೇತ ಮೇಲೆ ಬಂತು. ಮಂದಿ ಘೊಳ್ಳೆಂದು ನಕ್ಕರು. ನನಗೆ ಒಂದು ಕ್ಷಣ ದೇವರಿದ್ದಾನೆ ಎನಿಸಿತು. ಅಷ್ಟರಲ್ಲಿ ಅಪ್ಪ ಹೇಳಿದ, ‘ಅಂಟಿಕೊಂಡ್ರ ಛಲೋ ಆತು. ಲಕ್ಷ್ಮಿ ಹಿಂಗ ಅಂಟಿಕೊಂಡ ಇರ್ತಾಳ.’ ಎಲ್ಲರೂ ಹೌದು ಹೌದು ಎಂದರು. ಇಂಥ ಮಾತು ಅಪ್ಪನಿಗೆ ಅಷ್ಟು ಬೇಗ ಹೊಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಿಡಿ ಅಂಟಿಕೊಂಡಿದ್ದರೆ ಅಪಶಕುನ ಆಗುತ್ತಿತ್ತು.

ಸಂಜೆ ತಮ್ಮ ಬನ್ನಿ ಎಲೆ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ದಸರೆಯ ಸಂಜೆ ನಮ್ಮಲ್ಲಿ ಜಗಳವಾಡಿದವರೂ ಬನ್ನಿ ಕೊಟ್ಟು ಒಂದಾಗುತ್ತಾರೆ, ಚಿಕ್ಕವರು ದೊಡ್ಡವರ ಕಾಲು ಮುಟ್ಟುತ್ತಾರೆ. ಅವನೂ ಬಾಗಿ ಕಾಲು ಮುಟ್ಟಿದ.

‘ಬನ್ನಿ ತಗೊಂಡು ಬಂಗಾರದಂಗ ಇರೂಣ ಅಕ್ಕಾ. ನಾ ಏನ್ ಕೇಳಿದ್ದಿಲ್ಲ.’

‘ಒಲ್ಲೆ ಅಂತೂ ಅನ್ನಲಿಲ್ಲಲ್ಲ’ ಎಂದೆ.

ಎಲೆ ತೆಗೆದುಕೊಂಡೆ. ಬಂಗಾರದ ಹಾಗೆ ಇರಲು ಆಗಲಿಲ್ಲ.

ಅಪ್ಪ ಮರುದಿನ ಅವ್ವನ ಮುಂದೆ ನನ್ನನ್ನು ಕೂಡಿಸಿಕೊಂಡು ಲೆಕ್ಕ ಹೇಳಿದ. ಮಂದಿಗೆ ಗಂಡಸಿನ ಹೆಸರು ಬೇಕು, ಗಿರಾಕಿ ಅದರ ಮೇಲೆ ಬರುತ್ತಾರೆ. ‘ಹೆಸರು ಅವಗ ಇರಲಿ, ಕೆಲಸ ನಿನಗ ಇರಲಿ. ಎರಡೂ ನಮ್ಮ ಮನ್ಯಾಗ ಉಳೀತಾವಲ್ಲ’ ಎಂದ. ನಾನು ಏನೂ ಕೂಗಾಡಲಿಲ್ಲ. ಮುಖವಾಡ, ಕೈಗವಸು ತೆಗೆದುಕೊಂಡು ಅಂಗಡಿ ಬಿಟ್ಟೆ. ಧಾರವಾಡದ ಕಡೆಯ ಒಂದು ಕಾರ್ಖಾನೆಯಲ್ಲಿ ಹಾಲಿನ ಟಾಕಿಗಳಿಗೆ ಬೆಸುಗೆ ಹಾಕುವ ಕೆಲಸ ಸಿಕ್ಕಿತು. ಪರೀಕ್ಷೆಗೆಂದು ನನ್ನ ಕೈಯಿಂದ ಒಂದು ತುಂಡು ಬೆಸೆಸಿ ನೋಡಿ, ಎಲ್ಲಿ ಕಲಿತದ್ದು ಎಂದು ಕೇಳಿದರು. ನಮ್ಮಪ್ಪನ ಅಂಗಡಿಯಲ್ಲಿ ಎಂದೆ. ಈಗಲೂ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅಪ್ಪನ ಮನೆಯಲ್ಲೇ ಇದ್ದೇನೆ. ಬೆಳಿಗ್ಗೆ ಬಸ್ಸು ಹಿಡಿಯುತ್ತೇನೆ, ಸಂಜೆ ಬರುತ್ತೇನೆ, ರೊಟ್ಟಿ ಉಣ್ಣುತ್ತೇನೆ. ಅಪ್ಪನ ಜೊತೆ ಬೇಕಾದಷ್ಟೇ ಮಾತು.

ಬೇಸಿಗೆಯಲ್ಲಿ ಒಂದು ಐತವಾರ, ಕಾರ್ಖಾನೆಯ ರಜೆಯ ದಿನ, ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಾಗಿತ್ತು. ಅವನು ಅಂಗಡಿಯಲ್ಲೇ ಇದ್ದ, ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ. ತಮ್ಮ ಯಾರದೋ ಗಾಡಿ ನೋಡಲು ಹೋಗಿದ್ದ. ಕರೆಯಲು ಒಳಗೆ ಕಾಲಿಟ್ಟವಳು ಗುಜರಿಯ ರಾಶಿಯ ಹತ್ತಿರ ನಿಂತುಬಿಟ್ಟೆ.

ನನ್ನ ಪೈಪು ಅಲ್ಲಿ ಬಿದ್ದಿತ್ತು. ಹಿಂದಿನ ಜೋಡಿ, ಕೆಳಗೆ ಕೂಡುವ ಭಾಗದ ಸಮೇತ. ಗ್ರೈಂಡರಿನಿಂದ ಮೇಲೆ ಕೆಳಗೆ ಅಡ್ಡಾದಿಡ್ಡಿ ಕೊಯ್ದು, ಸಲಾಕೆಯ ಸಂದಿನಿಂದ ಕಿತ್ತು ಹೊರಗೆ ಎಸೆದಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಿಂದ ನೋಡಿದ್ದು ಅವತ್ತು. ಎತ್ತಿಕೊಂಡೆ. ಬಿಸಿ ತಡೆಯುವ ಪಟ್ಟಿ ನಾನು ಸುತ್ತಿದ ಹಾಗೇ ಇತ್ತು. ಬಿಚ್ಚಿ ನೋಡಿದೆ. ಸ್ಪ್ರಿಂಗ್ ಎರಡೂ ಹಾಗೇ ಇದ್ದವು. ಗ್ರೈಂಡರ್ ಹಾದದ್ದು ಅವುಗಳ ಪಕ್ಕದಲ್ಲೇ, ಒಂದು ಬೆರಳಿನ ಆಚೆ.

‘ಅಪ್ಪಾ, ಇದನ್ನ ಯಾವಾಗ ಕೊಯ್ದದ್ದು?’

ಯಾವುದನ್ನು ಎಂದು ಅವನು ಕೇಳಲಿಲ್ಲ. ‘ಹ್ವಾದ ವಾರ. ಗ್ಯಾಸ್ಕೆಟ್ ಸುಟ್ಟಿತ್ತು.’

‘ಯಾರು ಕೊಯ್ದದ್ದು?’

‘ನಿನ್ನ ತಮ್ಮ. ಹೊರಗ ಬರವಲ್ತು ಅಂದ.’

‘ನೀ ಎಲ್ಲಿದ್ದಿ?’

‘ಇಲ್ಲೇ ಕುಂತಿದ್ದೆ.’

‘ಸ್ಪ್ರಿಂಗ್ ಬಿಚ್ಚಿದ್ರ ಕೈಯಾಗ ಬರ್ತಿತ್ತು. ನಿನಗ ಗೊತ್ತಿತ್ತು. ನಿನ್ನ ಕೈ ಹಿಡದು ತೋರಿಸಿದ್ದೆ.’

‘ಗೊತ್ತಿತ್ತು.’

‘ಮತ್ತ ಯಾಕ ಹೇಳಲಿಲ್ಲ?’

ಅಪ್ಪ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತ ಕೂತ. ಆಮೇಲೆ ಹೇಳಿದ, ‘ಸಾವಕಾರ್ರು ಅಲ್ಲೇ ನಿಂತಿದ್ರವ್ವಾ.’

ನನಗೆ ಎಲ್ಲ ಅರ್ಥವಾಯಿತು. ಮಾಡಿದವನಿಗೇ ಬಿಚ್ಚಲು ಗೊತ್ತಿಲ್ಲ ಎಂದರೆ ಸಾಹುಕಾರರು ಹುಬ್ಬೇರಿಸುತ್ತಿದ್ದರು. ಮಿಸ್ತ್ರಿಯ ಹೆಸರು ಹೋಗುತ್ತಿತ್ತು, ಬೋರ್ಡಿನ ಮರ್ಯಾದೆ ಹೋಗುತ್ತಿತ್ತು. ಅದಕ್ಕೆ ಅಪ್ಪ ಬಾಯಿ ಮುಚ್ಚಿಕೊಂಡು, ಮಗಳ ಕೆಲಸವನ್ನು ಮಗ ಕೊಯ್ಯುವ ಸಪ್ಪಳ ಕೇಳುತ್ತ ಕೂತಿದ್ದ. ದಸರೆಯ ದಿನ ಸಾಹುಕಾರರ ಒತ್ತಾಯಕ್ಕೆ ಕೈ ತಪ್ಪಿತು ಎಂದು ನಾನು ಅವನನ್ನು ಒಳಗೊಳಗೇ ಸ್ವಲ್ಪ ಕ್ಷಮಿಸತೊಡಗಿದ್ದೆ. ಅವತ್ತು ಅದನ್ನೂ ನಿಲ್ಲಿಸಿದೆ.

ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಪ್ರಿಂಗ್ ಎರಡನ್ನೂ ಮೀಟಿದೆ. ಟಣ್ ಎಂದು ಬಿಚ್ಚಿಕೊಂಡವು. ಪೈಪನ್ನು ಸ್ವಲ್ಪ ತಿರುವಿ ಎಳೆದೆ, ಜಾರಿ ಕೈಗೆ ಬಂತು. ಅಪ್ಪನಿಗೆ ಕಾಣುತ್ತಿರಲಿಲ್ಲ, ಆದರೆ ಸಪ್ಪಳ ಕೇಳಿಸಿತು.

‘ಬಂತೇನು?’ ಎಂದ.

‘ಬಂತು.’

ನಾನು ಎರಡು ತುಂಡನ್ನೂ ಗುಜರಿಯ ರಾಶಿಗೇ ತಿರುಗಿ ಎಸೆದೆ. ಡಾಕ್ಟರ ಹತ್ತಿರ ಹೋಗಲು ಅವನ ಕೈ ಹಿಡಿದು ಎಬ್ಬಿಸಿದಾಗ ಅವನು ನನ್ನ ಕೈ ಬಿಡದೆ, ತಗ್ಗಿದ ದನಿಯಲ್ಲಿ ಹೇಳಿದ:

‘ತ್ಯಾಪಿ ಹಚ್ಚಿ ಕೊಟ್ಟಾನ. ಗಾಡಿ ಸಪ್ಪಳ ಕೆಟ್ಟೈತಿ. ಸಾವಕಾರ್ರು ದಿನಾ ಫೋನ್ ಮಾಡಾಕತ್ತಾರ. ಒಂದ್ ಐತವಾರ ಬಂದು ಮೊದಲಿನಂಗ ಮಾಡಿಕೊಡವ್ವಾ. ಶಟರ್ ಇಳಿಸಿಕೊಂಡು ಮಾಡು. ಯಾರಿಗೂ ಗೊತ್ತಾಗೂದಿಲ್ಲ.’

ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ನನಗೆ ಧೈರ್ಯ ಹೇಳುತ್ತಿದ್ದ.

‘ಮಾಡ್ತೇನಿ’ ಎಂದೆ. ‘ಸಾವಕಾರ್ರ ಮುಂದ ನನ್ನ ಕೇಳು. ಅವರ ಎದುರಿಗೆ ಒಂದ್ ಮಾತು ಕೇಳು, ಮರುದಿನ ಮಾಡಿಕೊಡ್ತೇನಿ.’

ಅಪ್ಪ ನನ್ನ ಕೈ ಬಿಟ್ಟ. ಗೋಡೆ ಹಿಡಿದು ತಾನೇ ಮೆಟ್ಟಿಲು ಇಳಿದ.

ಆ ಅಂಬಾಸಡರ್ ಈಗಲೂ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಹೋಗುತ್ತದೆ, ತೇಪೆಯ ಸಂದಿನಿಂದ ಟಪಟಪ ಎನ್ನುತ್ತ. ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತಿರುತ್ತಾನೆ, ನಾನು ಅಲ್ಲೇ ಕಾಯಿಪಲ್ಯ ಸೋಸುತ್ತಿರುತ್ತೇನೆ. ಗಾಡಿ ಇನ್ನೂ ತಿರುವಿನಲ್ಲಿ ಇರುವಾಗಲೇ ಇಬ್ಬರಿಗೂ ಗೊತ್ತಾಗುತ್ತದೆ. ಒಮ್ಮೊಮ್ಮೆ ನಮ್ಮ ಮನೆಯ ಮುಂದೆ ನಿಧಾನವಾಗುತ್ತದೆ. ಸಾಹುಕಾರರು ಕಿಟಕಿಯಿಂದ ಕೈ ಎತ್ತಿ ‘ಆರಾಮ್ರೇನ್ರಿ ಮಿಸ್ತ್ರೇರ’ ಎನ್ನುತ್ತಾರೆ. ಅಪ್ಪ ನನ್ನ ಕಡೆ ಮುಖ ತಿರುಗಿಸುತ್ತಾನೆ, ತುಟಿ ಸ್ವಲ್ಪ ತೆರೆಯುತ್ತಾನೆ. ನಾನು ಕೈಯಲ್ಲಿಯ ಸೊಪ್ಪು ಹಾಗೇ ಹಿಡಿದು ಕಾಯುತ್ತೇನೆ.

‘ಆರಾಮ್ರಿ ಸಾವಕಾರ್ರ’ ಎನ್ನುತ್ತಾನೆ ಅಪ್ಪ. ಗಾಡಿ ಹೋಗುತ್ತದೆ.